ಕಫದ ಡಬ್ಬಿಯನ್ನು ಲ್ಯಾಬ್ ಯಾಕೆ ವಾಪಸ್ ಕಳಿಸುತ್ತದೆ? ತೆಗೆದುಕೊಂಡ ಮೇಲೆ ಅದಕ್ಕೆ ಏನು ಮಾಡುತ್ತದೆ?

ಪ್ರಶ್ನೆ: ನಮ್ಮ ತಂದೆಗೆ 62 ವರ್ಷ. ಮೂರು ವಾರದಿಂದ ಕೆಮ್ಮು, ಸಂಜೆಯಾದರೆ ಸಣ್ಣಗೆ ಜ್ವರ. ಡಾಕ್ಟರು ಕಫ ಪರೀಕ್ಷೆ ಬರೆದುಕೊಟ್ಟರು. ಮೊದಲ ಸಲ ಕೊಟ್ಟ ಡಬ್ಬಿಯನ್ನು ಲ್ಯಾಬಿನವರು “ಇದು ಬರೀ ಉಗುಳು” ಎಂದು ವಾಪಸ್ ಕೊಟ್ಟರು. ಎರಡನೇ ಸಲ ತೆಗೆದುಕೊಂಡರು. ಟಿಬಿಯ ಒಂದು ರಿಪೋರ್ಟ್ ಅವತ್ತೇ ಬಂತು, ನೆಗೆಟಿವ್. ಟಿಬಿ ಕಲ್ಚರ್‌ಗೆ ಆರು ವಾರ ಕಾಯಬೇಕಂತೆ. ಇನ್ನೊಂದು ರಿಪೋರ್ಟಿನಲ್ಲಿ “ನಾರ್ಮಲ್ ಫ್ಲೋರಾ” ಎಂದಿದೆ. ಈಗ ಕ್ಯಾನ್ಸರ್ ಕೋಶ ಇದೆಯಾ ನೋಡಲು ಮತ್ತೆ ಮೂರು ದಿನ ಕಫ ತನ್ನಿ ಎನ್ನುತ್ತಿದ್ದಾರೆ. ಕಫ ಒಂದೇ ತಾನೆ? ಒಂದೇ ಡಬ್ಬಿಯಲ್ಲಿ ಎಲ್ಲಾ ನೋಡಬಾರದಾ? ಸರಿಯಾಗಿ ಕೊಡುವುದು ಹೇಗೆ?

ಉತ್ತರ: ಒಂದೇ ಡಬ್ಬಿಯಲ್ಲಿ ಎಲ್ಲಾ ನೋಡಲು ಆಗುವುದಿಲ್ಲ. ಕಫ ಒಂದೇ ಆದರೂ ಈ ಮೂರು ಪರೀಕ್ಷೆಗಳಿಗೆ ಬೇಕಾದ್ದು ಒಂದಕ್ಕೊಂದು ತದ್ವಿರುದ್ಧ. ಕಲ್ಚರ್ ಎಂದರೆ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವುದು. ಮಾಮೂಲಿ ಕಲ್ಚರ್‌ಗೆ ಕಫದಲ್ಲಿರುವ ಬ್ಯಾಕ್ಟೀರಿಯಾಗಳು ಜೀವಂತವಾಗಿ ಲ್ಯಾಬ್ ತಲುಪಬೇಕು. ಟಿಬಿ ಕಲ್ಚರ್‌ಗೆ ಟಿಬಿ ಬ್ಯಾಕ್ಟೀರಿಯಾ ಒಂದನ್ನು ಬಿಟ್ಟು ಮಿಕ್ಕವೆಲ್ಲಾ ಸಾಯಬೇಕು. ಕ್ಯಾನ್ಸರ್ ಪರೀಕ್ಷೆಗೆ ಯಾವುದೂ ಬದುಕಿರಬೇಕಾಗಿಲ್ಲ, ಕೋಶದ ಆಕಾರ ಕೆಡದಿದ್ದರೆ ಸಾಕು. ಅದಕ್ಕಾಗಿ ಹಾಕುವ ಆಲ್ಕೋಹಾಲ್ ಕಲ್ಚರ್‌ಗೆ ವಿಷ. ಹಾಗಾಗಿ ಡಬ್ಬಿ ಕೈಗೆ ಬಂದ ತಕ್ಷಣ ನೀವು ಕೇಳಬೇಕಾದ ಮೊದಲ ಪ್ರಶ್ನೆ, “ಇದು ಯಾವ ಪರೀಕ್ಷೆಗೆ?”

ಮೊದಲು ಆ ವಾಪಸ್ ಬಂದ ಡಬ್ಬಿಯ ವಿಷಯ. ಲ್ಯಾಬಿನವರು ನಿಮ್ಮನ್ನು ಸುಮ್ನೆ ಓಡಾಡಿಸಲಿಲ್ಲ. ಕಫ ಬರುವುದು ಶ್ವಾಸಕೋಶದ ಒಳಗಿನಿಂದ. ಉಗುಳು ಊರುವುದು ಬಾಯಲ್ಲಿ. ಆದರೆ ಹೊರಗೆ ಬರಲು ಎರಡಕ್ಕೂ ಇರುವುದು ಒಂದೇ ಬಾಗಿಲು. ಆರೋಗ್ಯವಾಗಿರುವವರ ಒಂದು ಎಂಎಲ್ ಉಗುಳಿನಲ್ಲೂ ಸುಮಾರು 10 ಕೋಟಿ ಬ್ಯಾಕ್ಟೀರಿಯಾ ಇರುತ್ತವೆ. ಅದನ್ನು ಕಲ್ಚರ್‌ಗೆ ಹಾಕಿದರೆ ಏನಾದರೊಂದು ಬೆಳೆದೇ ಬೆಳೆಯುತ್ತದೆ. ಬೆಳೆದದ್ದಕ್ಕೆ ಔಷಧಿಯ ಪಟ್ಟಿಯೂ ಬರುತ್ತದೆ. ರೋಗ ಮಾತ್ರ ಬೇರೆ ಕಡೆ ಇರುತ್ತದೆ. ಕೆಟ್ಟ ಸ್ಯಾಂಪಲ್ಲಿನಿಂದ ಬಂದ ರಿಪೋರ್ಟ್ ರಿಪೋರ್ಟೇ ಇಲ್ಲದಿರುವುದಕ್ಕಿಂತ ಅಪಾಯ. ವಾಪಸ್ ಕೊಡುವ ಲ್ಯಾಬನ್ನು ನಾನು ಹೆಚ್ಚು ನಂಬುತ್ತೇನೆ.

ಅವರು ಅದನ್ನು ಕಣ್ಣಂದಾಜಿನಲ್ಲಿ ಮಾತ್ರ ಹೇಳುವುದಿಲ್ಲ. ಕಫದ ಒಂದು ಚೂರನ್ನು ಸ್ಲೈಡಿನ ಮೇಲೆ ಸವರಿ, ಗ್ರಾಂ ಸ್ಟೇನ್ ಬಣ್ಣ ಹಾಕಿ, ಮೈಕ್ರೋಸ್ಕೋಪಿನ ಕಡಿಮೆ ಪವರಿನಲ್ಲಿ ನೋಡುತ್ತಾರೆ. ಅಲ್ಲಿ ಎರಡು ಬಗೆಯ ಕೋಶಗಳ ಲೆಕ್ಕ. ಒಂದು, ಬಾಯಿಯ ಒಳಪದರದಿಂದ ಉದುರುವ ಅಗಲವಾದ ಚಪ್ಪಟೆ ಕೋಶಗಳು. ಇನ್ನೊಂದು, ಸೋಂಕಿನ ಜಾಗಕ್ಕೆ ಬಂದು ಸೇರುವ ಬಿಳಿ ರಕ್ತಕಣಗಳು. ಇವನ್ನೇ ಕೀವಿನ ಕಣ ಎನ್ನುತ್ತೇವೆ. ಒಂದು ನೋಟದಲ್ಲಿ ಚಪ್ಪಟೆ ಕೋಶಗಳು 10ಕ್ಕಿಂತ ಜಾಸ್ತಿ ಕಂಡರೆ ಅದರಲ್ಲಿ ಬಾಯಿಯ ಪಾಲು ಹೆಚ್ಚಾಗಿದೆ ಎಂದರ್ಥ. ಕೀವಿನ ಕಣ 25ಕ್ಕಿಂತ ಹೆಚ್ಚಿದ್ದು ಚಪ್ಪಟೆ ಕೋಶ ಕಡಿಮೆ ಇದ್ದರೆ ಒಳ್ಳೆಯ ಸ್ಯಾಂಪಲ್. ಲ್ಯಾಬಿನಿಂದ ಲ್ಯಾಬಿಗೆ ಈ ಗಡಿ ಸ್ವಲ್ಪ ಆಚೀಚೆ ಆಗುತ್ತದೆ.

ಇಲ್ಲಿ ಒಂದು ಮಾತು ಹೇಳಬೇಕು. ಈ ನಿಯಮ ಮಾಮೂಲಿ ಬ್ಯಾಕ್ಟೀರಿಯಾ ಕಲ್ಚರ್‌ಗೆ ಮಾತ್ರ. ಟಿಬಿಗೆ, ಲೀಜಿಯೊನೆಲ್ಲಾ ಎಂಬ ನ್ಯುಮೋನಿಯಾ ಬ್ಯಾಕ್ಟೀರಿಯಾಗೆ ಇದನ್ನು ಹೀಗೇ ಹಚ್ಚಬಾರದು. ನೀರಾದ ಸ್ಯಾಂಪಲ್ಲಿನಲ್ಲೂ ಟಿಬಿ ಸಿಕ್ಕಿದ ಉದಾಹರಣೆ ಬೇಕಾದಷ್ಟಿವೆ. ಗಟ್ಟಿ ಕಫ ಬಂದರೆ ಟಿಬಿ ಸಿಗುವ ಸಾಧ್ಯತೆ ಹೆಚ್ಚು, ಅದು ನಿಜ. ಆದರೆ ಎಷ್ಟು ಪ್ರಯತ್ನಪಟ್ಟರೂ ಅಷ್ಟೇ ಬರುವುದು ಎಂದಾದರೆ ಟಿಬಿಗಾಗಿ ಅದನ್ನೇ ಪರೀಕ್ಷೆ ಮಾಡಲಿ ಎಂದು ನೀವು ಕೇಳಬಹುದು.

ಈಗ ಕೊಡುವ ಕ್ರಮ. ಬೆಳಿಗ್ಗೆ ಎದ್ದ ತಕ್ಷಣದ ಕಫ ಎಲ್ಲಕ್ಕಿಂತ ಒಳ್ಳೆಯದು. ರಾತ್ರಿಯೆಲ್ಲಾ ಮಲಗಿದ್ದಾಗ ಕೆಮ್ಮಿ ಹೊರಹಾಕುವುದು ಕಡಿಮೆ, ಹಾಗಾಗಿ ಒಳಗೆ ಸೇರಿಕೊಂಡಿರುತ್ತದೆ. ತಿಂಡಿ ತಿನ್ನುವ ಮೊದಲೇ ಕೊಡಲಿ. ಕಟ್ಟಿಸಿದ ಹಲ್ಲಿನ ಸೆಟ್ ಇದ್ದರೆ ತೆಗೆದಿಡಲಿ. ಬಾಯಿಯನ್ನು ಎರಡು ಮೂರು ಸಲ ನೀರಿನಲ್ಲಿ ಚೆನ್ನಾಗಿ ಮುಕ್ಕಳಿಸಲಿ. ಕುದಿಸಿ ಆರಿಸಿದ ನೀರಾದರೆ ಒಳ್ಳೆಯದು. ನಲ್ಲಿ ನೀರಿನಲ್ಲಿ ಟಿಬಿಯ ದೂರದ ನೆಂಟರಂಥ ಬ್ಯಾಕ್ಟೀರಿಯಾಗಳು ಇರುವುದುಂಟು. ಅವು ಕಲ್ಚರಿನಲ್ಲಿ ಬೆಳೆದು ಗೊಂದಲ ಮಾಡುತ್ತವೆ. ಮೌತ್‌ವಾಶ್ ಮಾತ್ರ ಬೇಡ. ಅದು ಬ್ಯಾಕ್ಟೀರಿಯಾ ಕೊಲ್ಲಲೆಂದೇ ಇರುವುದು, ನಮಗೆ ಬೇಕಾದ್ದನ್ನೂ ಕೊಲ್ಲಬಹುದು.

ಜಾಗ ಮುಖ್ಯ. ಬಯಲಲ್ಲಿ, ಇಲ್ಲವೇ ಕಿಟಕಿ ಬಾಗಿಲು ತೆರೆದ ಕಡೆ, ಬೇರೆಯವರಿಂದ ದೂರ ನಿಂತು ಕೆಮ್ಮಬೇಕು. ಟಿಬಿ ಇದ್ದದ್ದೇ ಆದರೆ ಹೀಗೆ ಜೋರಾಗಿ ಕೆಮ್ಮುವ ಹೊತ್ತೇ ಅದು ಗಾಳಿಗೆ ಸೇರುವ ಹೊತ್ತು. ಮುಚ್ಚಿದ ಬಚ್ಚಲುಮನೆಯಲ್ಲಿ ಕೊಟ್ಟು ಬಂದರೆ ಹಿಂದೆಯೇ ಹೋದವರು ಆ ಗಾಳಿಯನ್ನೇ ಉಸಿರಾಡುತ್ತಾರೆ. ಪಕ್ಕದಲ್ಲಿ ನಿಂತು ಧೈರ್ಯ ಹೇಳುವ ಆಸೆ ನಿಮಗೆ ಇರುತ್ತದೆ. ಆದರೂ ಸ್ವಲ್ಪ ದೂರದಿಂದಲೇ ಹೇಳಿ.

ಕುಳಿತುಕೊಂಡು, ಸ್ವಲ್ಪ ಮುಂದಕ್ಕೆ ಬಾಗಿ, ನಿಧಾನವಾಗಿ ಉದ್ದಕ್ಕೆ ಉಸಿರೆಳೆದುಕೊಳ್ಳಲಿ. ಎರಡು ಮೂರು ಸೆಕೆಂಡು ಹಿಡಿದು ಬಿಡಲಿ. ಹೀಗೆ ಎರಡು ಮೂರು ಸಲ ಮಾಡಿ, ಮುಂದಿನ ಉಸಿರು ತುಂಬಿಕೊಂಡು ಎದೆಯಾಳದಿಂದ ಕೆಮ್ಮಲಿ. ಗಂಟಲನ್ನು ಕ್ಯಾಕರಿಸಿ ಉಗುಳುವುದಲ್ಲ. ಬಹುಪಾಲು ಜನ ಎಡವುವುದು ಇಲ್ಲೇ. ಕ್ಯಾಕರಿಸಿದರೆ ಬರುವುದು ಮೂಗಿನ ಹಿಂಭಾಗದಿಂದ ಇಳಿದ ಸಿಂಬಳ. ಅದೂ ಅಂಟಂಟಾಗಿ, ಹಳದಿಯಾಗಿ ಇರುವುದರಿಂದ ಕಫ ಎಂದೇ ಅನ್ನಿಸುತ್ತದೆ. ಕೆಮ್ಮುವಾಗ ಹೊಟ್ಟೆಯ ಸ್ನಾಯು ಬಿಗಿಯಾದರೆ ಸರಿಯಾಗಿ ಕೆಮ್ಮಿದ್ದಾರೆ ಎಂದು ತಿಳಿಯಿರಿ. ಕಫ ಬಾಯಿಗೆ ಬಂದ ಕೂಡಲೇ ಡಬ್ಬಿಗೆ ಹಾಕಲಿ. ಬಾಯಲ್ಲಿ ಇಟ್ಟುಕೊಂಡಷ್ಟೂ ಉಗುಳು ಸೇರುತ್ತದೆ.

ಎಷ್ಟು ಬೇಕು? ಟಿಬಿಗೆ 3ರಿಂದ 5 ಎಂಎಲ್, ಅಂದರೆ ಸುಮಾರು ಒಂದು ಟೀ ಚಮಚ. ಒಂದೇ ಕೆಮ್ಮಿಗೆ ಬಾರದಿದ್ದರೆ ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಪ್ರಯತ್ನಿಸಲಿ. ಆದರೆ ಇಡೀ ದಿನದ ಕಫವನ್ನು ಒಂದೇ ಡಬ್ಬಿಯಲ್ಲಿ ಕೂಡಿಹಾಕಬೇಡಿ. ಸಂಜೆ ಹೊತ್ತಿಗೆ ಅದರಲ್ಲಿ ಬಾಯಿಯ ಬ್ಯಾಕ್ಟೀರಿಯಾಗಳೇ ತುಂಬಿಕೊಂಡಿರುತ್ತವೆ. ಚೆನ್ನಾಗಿರುವ ಕಫ ಗಟ್ಟಿಯಾಗಿ, ಲೋಳೆಯಾಗಿ, ಬಿಳಿ, ಹಳದಿ ಅಥವಾ ಹಸಿರಾಗಿ ಇರುತ್ತದೆ. ಹಸಿರು ಬರುವುದು ಬಿಳಿ ರಕ್ತಕಣದೊಳಗಿನ ಒಂದು ಕಿಣ್ವದ ಬಣ್ಣದಿಂದ. ಹಸಿರು ಕಂಡ ಮಾತ್ರಕ್ಕೆ ಇಂಥದ್ದೇ ಬ್ಯಾಕ್ಟೀರಿಯಾ ಎನ್ನಲು ಆಗದು. ತೆಳ್ಳಗೆ ನೀರಾಗಿ, ಮೇಲೆ ನೊರೆ ಮಾತ್ರ ಇದ್ದರೆ ಅದು ಉಗುಳು.

ಡಬ್ಬಿ ಲ್ಯಾಬಿನವರೇ ಕೊಟ್ಟದ್ದಾಗಿರಲಿ. ಅಗಲ ಬಾಯಿ, ತಿರುಗಿಸಿ ಮುಚ್ಚುವ ಮುಚ್ಚಳ, ಸೋರಬಾರದು. ಮನೆಯ ಜಾಮ್ ಬಾಟಲಿ ತೊಳೆದು ಕೊಡುವವರಿದ್ದಾರೆ, ಅದು ಬೇಡ. ಹೆಸರು, ತಾರೀಕು, ಹೊತ್ತು ಡಬ್ಬಿಯ ಮೈಮೇಲೆ ಬರೆಯಿರಿ, ಮುಚ್ಚಳದ ಮೇಲಲ್ಲ. ಲ್ಯಾಬಿನಲ್ಲಿ ಮುಚ್ಚಳ ತೆಗೆದಾಗ ಹೆಸರೂ ಅದರ ಜೊತೆಗೇ ಹೋಗುತ್ತದೆ.

ತಲುಪಿಸುವ ವಿಷಯದಲ್ಲಿ ಮಾಮೂಲಿ ಕಲ್ಚರ್‌ಗೇ ಅವಸರ ಜಾಸ್ತಿ. ಎರಡು ಗಂಟೆಯೊಳಗೆ ತಲುಪಬೇಕು. ಆಗದಿದ್ದರೆ 2ರಿಂದ 8 ಡಿಗ್ರಿಯಲ್ಲಿ, ಅಂದರೆ ಫ್ರಿಜ್ಜಿನಲ್ಲಿ ಇಡಬೇಕು. ಫ್ರೀಜರಿನಲ್ಲಿ ಅಲ್ಲ. ಹೊರಗೆ ಸೆಕೆಯಲ್ಲಿ ಬಿಟ್ಟರೆ ನ್ಯುಮೋನಿಯಾ ತರುವ ನ್ಯುಮೋಕಾಕಸ್, ಹೀಮೋಫಿಲಸ್‌ನಂಥ ನಾಜೂಕು ಬ್ಯಾಕ್ಟೀರಿಯಾಗಳು ಸಾಯುತ್ತವೆ, ಬಾಯಿಯವು ಹೆಚ್ಚುತ್ತವೆ. ಟಿಬಿ ಬ್ಯಾಕ್ಟೀರಿಯಾ ಗಟ್ಟಿ ಜೀವ. ಫ್ರಿಜ್ಜಿನಲ್ಲಿ ಕೆಲವು ದಿನ ತಡೆಯುತ್ತದೆ. ಬಿಸಿಲು ಮಾತ್ರ ಅದಕ್ಕೂ ಆಗದು.

ಇನ್ನು ಲ್ಯಾಬಿನ ಒಳಗೆ. ಮಾಮೂಲಿ ಕಲ್ಚರ್ ಬೇಗ ಹೇಳಿ ಮುಗಿಸುತ್ತೇನೆ. ಕಫದಲ್ಲಿ ಕೀವು ಹೆಚ್ಚಿರುವ ಭಾಗವನ್ನು ಆರಿಸಿ, ಬ್ಲಡ್ ಅಗರ್, ಚಾಕೊಲೇಟ್ ಅಗರ್, ಮ್ಯಾಕಾಂಕಿ ಅಗರ್ ಎಂಬ, ಬ್ಯಾಕ್ಟೀರಿಯಾಗೆ ಆಹಾರ ಹಾಕಿದ ತಟ್ಟೆಗಳ ಮೇಲೆ ಗೀರುತ್ತಾರೆ. 35ರಿಂದ 37 ಡಿಗ್ರಿಯಲ್ಲಿಟ್ಟು ಮಾರನೇ ದಿನ, ಅದರ ಮಾರನೇ ದಿನ ನೋಡುತ್ತಾರೆ. ಚಾಕೊಲೇಟ್ ಅಗರಿನಲ್ಲಿ ಚಾಕೊಲೇಟ್ ಇಲ್ಲ, ಕಾಯಿಸಿದ ರಕ್ತದ ಬಣ್ಣ ಹಾಗಿರುತ್ತದೆ ಅಷ್ಟೇ. “ನಾರ್ಮಲ್ ಫ್ಲೋರಾ” ಎಂದರೆ ಬಾಯಿ, ಗಂಟಲಿನಲ್ಲಿ ಎಲ್ಲರಿಗೂ ಇರುವಂಥವು ಮಾತ್ರ ಬೆಳೆದವು ಎಂದು. ಅದಕ್ಕೆ ಮಾತ್ರೆ ಬೇಡ. ಮುಂದೆ ಎಂದಾದರೂ “ಕ್ಯಾಂಡಿಡಾ” ಎಂಬ ಶಿಲೀಂಧ್ರದ ಹೆಸರು ಬಂದರೂ ಗಾಬರಿಯಾಗಬೇಡಿ. ಕಫದಲ್ಲಿ ಸಿಗುವ ಕ್ಯಾಂಡಿಡಾ ಬಹುತೇಕ ಬಾಯಿಯದೇ ಆಗಿರುತ್ತದೆ.

ಟಿಬಿಯ ಕಥೆ ಉದ್ದ. ಟಿಬಿ ಬ್ಯಾಕ್ಟೀರಿಯಾದ ಹೊರಗೋಡೆಯಲ್ಲಿ ಮೇಣದಂಥ ಕೊಬ್ಬು ತುಂಬಾ ಇದೆ. ಲ್ಯಾಬ್ ಮಾಡುವುದೆಲ್ಲಾ ಆ ಮೇಣವನ್ನು ನೆಚ್ಚಿಕೊಂಡೇ. ಸ್ಮಿಯರ್ ಎಂಬ ಹಳೆಯ ಪರೀಕ್ಷೆಯಲ್ಲಿ ಕಫವನ್ನು ಸ್ಲೈಡಿಗೆ ಸವರಿ, ಪೂರ್ತಿ ಒಣಗಿಸಿ, ಕೆಂಪು ಬಣ್ಣ ಹಾಕಿ ಹಬೆಯಾಡುವವರೆಗೆ ಕಾಯಿಸುತ್ತಾರೆ. ಬಣ್ಣ ಮೇಣದೊಳಗೆ ಇಳಿಯುತ್ತದೆ. ಆಮೇಲೆ ಆಸಿಡ್ ಹಾಕಿದರೆ ಬೇರೆಲ್ಲದರ ಬಣ್ಣ ಬಿಡುತ್ತದೆ, ಟಿಬಿಯದು ಬಿಡುವುದಿಲ್ಲ. ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಗಳಾಗಿ ಕಾಣುತ್ತವೆ. ಆದರೆ ಹೀಗೆ ಕಣ್ಣಿಗೆ ಬೀಳಬೇಕಾದರೆ ಒಂದು ಎಂಎಲ್ ಕಫದಲ್ಲಿ 5,000ದಿಂದ 10,000 ಬ್ಯಾಕ್ಟೀರಿಯಾ ಇರಬೇಕು. ಕಲ್ಚರ್‌ಗೆ 10ರಿಂದ 100 ಇದ್ದರೆ ಸಾಕು. ನಿಮಗೆ ಅವತ್ತೇ ಬಂದ ನೆಗೆಟಿವ್ ರಿಪೋರ್ಟ್ ಯಾವುದು ಎಂದು ತೆಗೆದು ನೋಡಿ. ಬರೀ ಸ್ಮಿಯರ್ ಆಗಿದ್ದರೆ ಅದರಿಂದ ಟಿಬಿ ಇಲ್ಲ ಎಂದು ನಿರಾಳವಾಗಲು ಆಗದು. ಅದಕ್ಕೇ ಎರಡು ಸ್ಯಾಂಪಲ್ ಕೇಳುವುದು. ಒಂದು ಹೋದಾಗಲೇ ಕೊಡುವುದು, ಇನ್ನೊಂದು ಬೆಳಗಿನದು. ಮೊದಲು ಮೂರು ಕೇಳುತ್ತಿದ್ದರು. ಮೂರನೆಯದರಿಂದ ಹೊಸದಾಗಿ ಸಿಗುವ ರೋಗಿಗಳು ತೀರಾ ಕಡಿಮೆ ಎಂದು ಕಂಡು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಎರಡು ಸಾಕು ಎಂದಿತು.

ಅವತ್ತೇ ಬಂದದ್ದು ಡಿಎನ್‌ಎ ನೋಡುವ ಯಂತ್ರದ ರಿಪೋರ್ಟ್ ಆಗಿದ್ದರೆ ಅದಕ್ಕೆ ತೂಕ ಹೆಚ್ಚು. ಜೀನ್‌ಎಕ್ಸ್‌ಪರ್ಟ್ ಎಂಬ ಯಂತ್ರದ ಉದಾಹರಣೆ ಕೊಡುತ್ತೇನೆ. ಕಫಕ್ಕೆ ಅದರ ಎರಡರಷ್ಟು ದ್ರಾವಣ ಸೇರಿಸಿ, ಕುಲುಕಿ, 15 ನಿಮಿಷ ಬಿಡುತ್ತಾರೆ. ಲೋಳೆ ಕರಗುತ್ತದೆ. ಅದರಲ್ಲಿ 2 ಎಂಎಲ್ ತೆಗೆದು ಕಾರ್ಟ್ರಿಜ್‌ಗೆ ಹಾಕಿದರೆ ಎರಡು ಗಂಟೆಯೊಳಗೆ ಟಿಬಿ ಇದೆಯೋ ಇಲ್ಲವೋ, ಇದ್ದರೆ ರಿಫಾಂಪಿಸಿನ್ ಔಷಧಿಗೆ ಬಗ್ಗುತ್ತದೋ ಇಲ್ಲವೋ ಎಂದು ತಿಳಿಯುತ್ತದೆ. ಸ್ಮಿಯರಿಗಿಂತ ಎಷ್ಟೋ ಕಡಿಮೆ ಬ್ಯಾಕ್ಟೀರಿಯಾ ಇದ್ದರೂ ಹಿಡಿಯುತ್ತದೆ. ಅದಕ್ಕೆ ಇರುವ ಒಂದು ಕೊರತೆ, ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೂ ಲೆಕ್ಕಕ್ಕೆ ಹಿಡಿಯುವುದು. ಹಾಗಾಗಿ ಚಿಕಿತ್ಸೆ ಶುರುವಾದ ಮೇಲೆ ಗುಣವಾಗುತ್ತಿದೆಯಾ ನೋಡಲು ಅದನ್ನು ಬಳಸುವುದಿಲ್ಲ. ಆಗ ಸ್ಮಿಯರ್, ಕಲ್ಚರೇ ಬೇಕು.

ಕಲ್ಚರ್‌ಗೆ ಆರು ವಾರ ಯಾಕೆ? ಬಾಯಿಯ ಬ್ಯಾಕ್ಟೀರಿಯಾಗಳಲ್ಲಿ ಹಲವು ಅರ್ಧ ಗಂಟೆ, ಒಂದು ಗಂಟೆಯಲ್ಲಿ ಎರಡರಷ್ಟಾಗುತ್ತವೆ. ಟಿಬಿ ಬ್ಯಾಕ್ಟೀರಿಯಾ ಎರಡಾಗಲು ಸುಮಾರು 20 ಗಂಟೆ ತೆಗೆದುಕೊಳ್ಳುತ್ತದೆ. ಇಬ್ಬರನ್ನೂ ಒಟ್ಟಿಗೆ ಬಿಟ್ಟರೆ ಪೈರು ಏಳುವ ಮೊದಲೇ ಕಳೆ ಗದ್ದೆ ತುಂಬಿದ ಹಾಗೆ. ಅದಕ್ಕೆ ಮೊದಲು ಕಳೆ ಸುಡಬೇಕು. ಸೋಡಿಯಂ ಹೈಡ್ರಾಕ್ಸೈಡ್ ಎಂಬ ಖಾರವಾದ ಕ್ಷಾರ, ಸೋಡಿಯಂ ಸಿಟ್ರೇಟ್, ಜೊತೆಗೆ ಎನ್-ಅಸಿಟೈಲ್ ಸಿಸ್ಟೀನ್. ಈ ಮೂರನೆಯದನ್ನು ಕಫ ಕರಗಲೆಂದು ಮಾತ್ರೆಯಾಗಿಯೂ ಕೊಡುತ್ತಾರೆ. ಇಲ್ಲಿಯೂ ಅದರ ಕೆಲಸ ಅದೇ, ಲೋಳೆಯನ್ನು ಬಿಡಿಸಿ ಒಳಗೆ ಅಡಗಿದ ಬ್ಯಾಕ್ಟೀರಿಯಾವನ್ನು ಹೊರಗೆ ಬಿಡುವುದು. ಈ ಮಿಶ್ರಣವನ್ನು ಕಫದಷ್ಟೇ ಅಳತೆಯಲ್ಲಿ ಸೇರಿಸಿ 15ರಿಂದ 20 ನಿಮಿಷ ಬಿಡುತ್ತಾರೆ. ಕ್ಷಾರ ಬೇರೆಯವನ್ನು ಕೊಲ್ಲುತ್ತದೆ. ಟಿಬಿ ಮೇಣದ ಗೋಡೆಯಿಂದಾಗಿ ಉಳಿಯುತ್ತದೆ. ಆದರೆ ಅದಕ್ಕೂ ಒಂದು ಮಿತಿಯಿದೆ. ಇನ್ನಷ್ಟು ಹೊತ್ತು ಬಿಟ್ಟರೆ ಅದೂ ಸಾಯುತ್ತದೆ. ಹಾಗಾಗಿ ಇಲ್ಲಿ ಗಡಿಯಾರ ನೋಡಿಯೇ ಕೆಲಸ. ಸಮಯವಾದ ಕೂಡಲೇ ಪಿಎಚ್ 6.8ರ ಫಾಸ್ಫೇಟ್ ದ್ರಾವಣವನ್ನು ಟ್ಯೂಬಿನ 50 ಎಂಎಲ್ ಗೆರೆಯವರೆಗೆ ತುಂಬಿ ಕ್ಷಾರವನ್ನು ತಣಿಸುತ್ತಾರೆ.

ಆಮೇಲೆ ಸೆಂಟ್ರಿಫ್ಯೂಜ್, ಅಂದರೆ ಟ್ಯೂಬನ್ನು ಜೋರಾಗಿ ತಿರುಗಿಸಿ ಭಾರವಾದದ್ದನ್ನು ತಳಕ್ಕೆ ಇಳಿಸುವ ಯಂತ್ರ. ಮೇಣದ ದೆಸೆಯಿಂದ ಟಿಬಿ ಬ್ಯಾಕ್ಟೀರಿಯಾ ಹಗುರ, ಸುಲಭವಾಗಿ ತಳಕ್ಕೆ ಇಳಿಯುವುದಿಲ್ಲ. ಗುರುತ್ವದ 3,000 ಪಟ್ಟು ಬಲದಲ್ಲಿ 15 ನಿಮಿಷವಾದರೂ ತಿರುಗಿಸಬೇಕು. ಕಡಿಮೆ ವೇಗದ ಯಂತ್ರದಲ್ಲಿ ತಿರುಗಿಸಿ ಮೇಲಿನ ನೀರು ಚೆಲ್ಲಿದರೆ ಹುಡುಕುತ್ತಿದ್ದದ್ದೂ ಅದರ ಜೊತೆ ಚೆಲ್ಲಿಹೋಗುತ್ತದೆ. ತಳದಲ್ಲಿ ಉಳಿದ ಗಷ್ಟನ್ನು ಮೊಟ್ಟೆ ಹಾಕಿ ಮಾಡಿದ ಹಸಿರು ಘನ ಮಾಧ್ಯಮಕ್ಕೋ (ಮಾಧ್ಯಮ ಎಂದರೆ ಬ್ಯಾಕ್ಟೀರಿಯಾ ಬೆಳೆಯಲು ಕೊಡುವ ಆಹಾರ), ಯಂತ್ರದಲ್ಲಿಡುವ ದ್ರವದ ಟ್ಯೂಬಿಗೋ ಹಾಕುತ್ತಾರೆ. ದ್ರವದಲ್ಲಿ ಬೇಗ ಬೆಳೆಯುತ್ತದೆ, ಎಷ್ಟೋ ಸಲ ಎರಡು ವಾರದೊಳಗೇ ಪಾಸಿಟಿವ್ ಬರುತ್ತದೆ. ಆದರೆ ನೆಗೆಟಿವ್ ಎಂದು ಬರೆಯಬೇಕಾದರೆ 42 ದಿನ ಪೂರ್ತಿ ಕಾಯಬೇಕು. ನಿಮಗೆ ಹೇಳಿದ ಆರು ವಾರ ಅದೇ. ಮಧ್ಯೆ ಏನೂ ಸುದ್ದಿ ಬರಲಿಲ್ಲ ಎಂದರೆ ಮರೆತಿದ್ದಾರೆ ಎಂದಲ್ಲ.

ಇಷ್ಟೆಲ್ಲಾ ಮಾಡಿದರೂ ಘನ ಮಾಧ್ಯಮದಲ್ಲಿ ನೂರಕ್ಕೆ 3ರಿಂದ 5 ಸ್ಯಾಂಪಲ್ ಬೇರೆ ಬ್ಯಾಕ್ಟೀರಿಯಾ ಬೆಳೆದು “ಕಂಟ್ಯಾಮಿನೇಟೆಡ್” ಎಂದು ಕೆಡುವುದು ಸಹಜ. ಒಂದೂ ಕೆಡದ ಲ್ಯಾಬ್ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದುಕೊಳ್ಳಬೇಡಿ, ಕ್ಷಾರ ಜಾಸ್ತಿಯಾಗಿ ಟಿಬಿಯೂ ಸಾಯುತ್ತಿರಬಹುದು. ಹಾಗೆ ಬಂದರೆ ಬೇಜಾರಾಗದೆ ಇನ್ನೊಂದು ಸ್ಯಾಂಪಲ್ ಕೊಡಿ.

ಇನ್ನು ಕ್ಯಾನ್ಸರ್ ಕೋಶದ ಪರೀಕ್ಷೆ. ಇದಕ್ಕೆ ಮೂರು ದಿನ ಬೆಳಗಿನ ಕಫ, ದಿನಕ್ಕೊಂದು ಡಬ್ಬಿ. ಗಡ್ಡೆಯಿಂದ ಕೋಶಗಳು ದಿನವೂ ಉದುರುವುದಿಲ್ಲ, ಅದಕ್ಕೇ ಮೂರು ದಿನ. ಲ್ಯಾಬಿನವರು ಆಲ್ಕೋಹಾಲ್ ದ್ರಾವಣ ಹಾಕಿದ ಡಬ್ಬಿ ಕೊಟ್ಟರೆ ಅದನ್ನು ಚೆಲ್ಲಬೇಡಿ, ಅದಿರುವುದು ಕೋಶ ಕೊಳೆಯದಿರಲಿ ಎಂದು. ಅದೇ ಡಬ್ಬಿಯನ್ನು ಕಲ್ಚರ್‌ಗೆ ಕೊಟ್ಟರೆ ಏನೂ ಬೆಳೆಯುವುದಿಲ್ಲ. ಸ್ಲೈಡ್ ಮಾಡುವ ರೀತಿಯೂ ಉಲ್ಟಾ. ಟಿಬಿ ಸ್ಲೈಡ್ ಪೂರ್ತಿ ಒಣಗಬೇಕು. ಇಲ್ಲಿ ಹಸಿ ಇರುವಾಗಲೇ 95% ಆಲ್ಕೋಹಾಲಿಗೆ ಅದ್ದಬೇಕು, ಸ್ವಲ್ಪ ಒಣಗಿದರೂ ಕೋಶ ಹಿಗ್ಗಿ ಆಕಾರ ಕೆಡುತ್ತದೆ. ನೋಡುವವರು ಮೊದಲು ಹುಡುಕುವುದು ಕ್ಯಾನ್ಸರ್ ಕೋಶವನ್ನಲ್ಲ. ಶ್ವಾಸಕೋಶದ ಗಾಳಿಗೂಡುಗಳಲ್ಲಿ ಧೂಳು ನುಂಗಿಕೊಂಡಿರುವ ಮ್ಯಾಕ್ರೋಫೇಜ್ ಎಂಬ ಕೋಶವನ್ನು. ಅದು ಕಂಡರೆ ಕಫ ಆಳದಿಂದ ಬಂದಿದೆ. ಕಾಣದಿದ್ದರೆ “ಸ್ಯಾಂಪಲ್ ಸಾಲದು” ಎಂದು ಬರೆಯುತ್ತಾರೆ. ಬಾಯಿ ಮುಕ್ಕಳಿಸುವುದು ಇಲ್ಲಿಯೂ ಮುಖ್ಯ. ಹಲ್ಲಿನ ಸಂದಿಯಲ್ಲಿ ಉಳಿದ ತರಕಾರಿಯ ಕೋಶವೂ ಕೆಲವೊಮ್ಮೆ ಅನುಮಾನ ಹುಟ್ಟಿಸುತ್ತದೆ. ಈ ಪರೀಕ್ಷೆ ನೆಗೆಟಿವ್ ಬಂದರೂ ಅಲ್ಲಿಗೇ ಬಿಡಬೇಡಿ. ದೊಡ್ಡ ಶ್ವಾಸನಾಳದ ಹತ್ತಿರದ ಗಡ್ಡೆಯ ಕೋಶ ಕಫಕ್ಕೆ ಬರುತ್ತದೆ, ಅಂಚಿನಲ್ಲಿರುವ ಗಡ್ಡೆಯದು ಬರುವುದು ಕಡಿಮೆ. ಸ್ಕ್ಯಾನಿನಲ್ಲಿ ಅನುಮಾನ ಇದ್ದರೆ ಡಾಕ್ಟರು ಮುಂದಿನ ಪರೀಕ್ಷೆ ಹೇಳುತ್ತಾರೆ, ಮಾಡಿಸಿ.

ಕಫವೇ ಬಾರದಿದ್ದರೆ? ಆಸ್ಪತ್ರೆಯಲ್ಲಿ ನೆಬ್ಯುಲೈಜರ್ ಮೂಲಕ 3% ಅಥವಾ ಇನ್ನೂ ಸ್ವಲ್ಪ ಗಾಢವಾದ ಉಪ್ಪುನೀರಿನ ಹಬೆ ಕೊಟ್ಟು ಕಫ ಬರಿಸುತ್ತಾರೆ. ಇದನ್ನು ಮನೆಯಲ್ಲಿ ಮಾಡಬೇಡಿ. ಉಪ್ಪಿನ ಹಬೆಗೆ ಶ್ವಾಸನಾಳ ಬಿಗಿದುಕೊಳ್ಳಬಹುದು, ಆಸ್ತಮಾ ಇದ್ದವರಿಗಂತೂ ಇನ್ನೂ ಜಾಸ್ತಿ. ಅದಕ್ಕೇ ಮೊದಲು ಶ್ವಾಸನಾಳ ಹಿಗ್ಗಿಸುವ ಔಷಧಿ ಕೊಟ್ಟಿರುತ್ತಾರೆ. ಹೀಗೆ ಬಂದ ಕಫ ನೋಡಲು ಉಗುಳಿನ ಹಾಗೇ ನೀರಾಗಿರುತ್ತದೆ. ಚೀಟಿಯಲ್ಲಿ “ಹಬೆ ಕೊಟ್ಟು ತೆಗೆದದ್ದು” ಎಂದು ಬರೆಸಲು ಮರೆಯಬೇಡಿ. ಇಲ್ಲದಿದ್ದರೆ ಮತ್ತೆ ವಾಪಸ್ ಬರುತ್ತದೆ. ಚಿಕ್ಕ ಮಕ್ಕಳ ದಾರಿ ಬೇರೆ. ಅವರು ಕಫ ನುಂಗಿಬಿಡುತ್ತಾರೆ. ಹಾಗಾಗಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಜಠರದಿಂದ ತೆಗೆದ ದ್ರವದಲ್ಲಿ, ಈಗ ಮಲದಲ್ಲೂ ಟಿಬಿ ಹುಡುಕುತ್ತಾರೆ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕಫ ಕೊಡುವ ಮೊದಲು ಮನೆಯಲ್ಲಿ ಉಳಿದ ಆ್ಯಂಟಿಬಯೋಟಿಕ್ ಮಾತ್ರೆ ಕೊಡಬೇಡಿ. ಒಂದೆರಡು ಡೋಸ್ ಬಿದ್ದರೂ ಮಾಮೂಲಿ ಕಲ್ಚರಿನಲ್ಲಿ ಏನೂ ಬೆಳೆಯದೆ ಹೋಗಬಹುದು. ಲಿವೊಫ್ಲಾಕ್ಸಸಿನ್‌ನಂಥ ಮಾತ್ರೆಗಳು ಟಿಬಿಯನ್ನೂ ಅರ್ಧಂಬರ್ಧ ಹತ್ತಿಕ್ಕುತ್ತವೆ. ಕೆಮ್ಮು ನಾಲ್ಕು ದಿನ ಇಳಿದ ಹಾಗೆ ಕಾಣುತ್ತದೆ, ರೋಗ ಹಿಡಿಯುವುದು ತಿಂಗಳುಗಟ್ಟಲೆ ತಡವಾಗುತ್ತದೆ. ಈಗಾಗಲೇ ಏನಾದರೂ ಕೊಟ್ಟಿದ್ದರೆ ಮುಚ್ಚಿಡದೆ ಮಾತ್ರೆಯ ಹೆಸರು, ತಾರೀಕು ಚೀಟಿಯಲ್ಲಿ ಬರೆಸಿ. ಆದರೆ ಅವರಿಗೆ ಉಸಿರಾಡಲು ಕಷ್ಟವಾಗುತ್ತಿದ್ದರೆ, ಜ್ವರ ಏರಿ ಮಂಪರಾಗಿದ್ದರೆ, ಕೆಮ್ಮಿದಾಗ ರಕ್ತ ಬಂದರೆ ಬೆಳಗಿನ ಸ್ಯಾಂಪಲ್ಲಿಗೆ ಕಾಯುತ್ತಾ ಕೂರಬೇಡಿ. ನೇರವಾಗಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಕಫ ಅಲ್ಲೇ ತೆಗೆದುಕೊಳ್ಳುತ್ತಾರೆ.